ಸೋಮವಾರ ರಜೆ ತೆಗೆದುಕೊಳ್ಳುವ ದೆವ್ವ

ನಾನು ಇವತ್ತಿಗೂ ಮಲಗುವುದು ಆಸ್ಪತ್ರೆಯ ಮಂಚದ ಮೇಲೆ. ಗಾಬರಿಯಾಗಬೇಡಿ, ಆರೋಗ್ಯವಾಗಿಯೇ ಇದ್ದೇನೆ. ಬಿಳಿ ಬಣ್ಣ ಉದುರಿದ ಕಬ್ಬಿಣದ ಮಂಚ ಅದು. ಕಾಲ ಕಡೆ ಒಂದು ಹಿಡಿಕೆಯಿದೆ, ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಇಳಿಸುವುದಕ್ಕೆ ಮಾತ್ರ ಇಬ್ಬರು ಬೇಕು. ರೋಗಿಯ ಜ್ವರದ ಪಟ್ಟಿ ಸಿಕ್ಕಿಸುತ್ತಿದ್ದ ಕೊಕ್ಕೆಗೆ ನನ್ನ ಹೆಂಡತಿ ಕಿರಾಣಿಯ ಪಟ್ಟಿ ಸಿಕ್ಕಿಸುತ್ತಾಳೆ. ಮನೆಗೆ ಹೊಸದಾಗಿ ಬಂದವರು ಮಂಚ ನೋಡಿ ದನಿ ತಗ್ಗಿಸಿ, "ಯಾರಿಗೆ ಆರಾಮ ಇಲ್ರಿ?" ಎಂದು ಕೇಳುತ್ತಾರೆ. ಯಾರಿಗೂ ಏನೂ ಆಗಿಲ್ಲ, ಇದು ಹೋಟೆಲಿನ ಮಂಚ ಎಂದರೆ ನನ್ನ ತಲೆಗೇ ಆರಾಮಿಲ್ಲ ಎನ್ನುವಂತೆ ನೋಡುತ್ತಾರೆ.

ಆದರೆ ಅದು ನಿಜ. ಪುಣೆಯಲ್ಲಿ ನನ್ನ ಅಕ್ಕನ ಗಂಡ ನಡೆಸಿದ ಹೋಟೆಲಿನ ಮಂಚ, ಹೋಟೆಲ್ ಮುಚ್ಚಿದಾಗ ನನ್ನ ಪಾಲಿಗೆ ಬಂದದ್ದು. ಅಕ್ಕನ ಗಂಡನನ್ನು ನಮ್ಮ ಇಂಡಿ ತಾಲೂಕಿನ ಕಡೆ ಮಾಮಾ ಎನ್ನುತ್ತೇವೆ. ಮಾಮಾ ಅವರ ಬುದ್ಧಿಯ ಬಗ್ಗೆ ನನಗೆ ಮದುವೆಯ ಚಪ್ಪರದಲ್ಲಿಯೇ ಅನುಮಾನವಿತ್ತು. ಸುಡುಬೇಸಿಗೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಬಂದಿದ್ದರು, ಪುಣೆಯಲ್ಲಿ ಬಟ್ಟೆ ಅಂಗಡಿ ಇದೆ ಎಂದು ನಮಗೆ ತೋರಿಸುವುದಕ್ಕೆ. ಅಕ್ಷತೆ ಬೀಳುವ ಹೊತ್ತಿಗೆ ಮದುಮಗ ಬೆವರಿನಲ್ಲಿ ಮಿಂದಿದ್ದ. ನಮ್ಮಪ್ಪ ಅದನ್ನು ವಿನಯವೆಂದು ತಿಳಿದುಕೊಂಡರು.

ಪುಣೆ ಕ್ಯಾಂಪಿನಲ್ಲಿ ಅಂಗಡಿ ಇದ್ದದ್ದೇನೋ ಸುಳ್ಳಲ್ಲ. ಅಂಗಡಿಗೆ ಮೂರು ದೊಡ್ಡ ಬಾಗಿಲುಗಳಿದ್ದವು. ಅಕ್ಕ ಹೋಗಿ ಸೇರಿದ ಮನೆಗೆ ಮಾತ್ರ ಒಂದೇ. ಕ್ಯಾಂಪಿನ ಹಿಂದಿನ ಓಣಿಯ ಚಾಳಿನಲ್ಲಿ ಎರಡು ಕೋಣೆ, ಅಲ್ಲಿಯವರ ಮಾತಿನಲ್ಲಿ ಖೋಲಿ, ಒಂಬತ್ತು ಜನ. ನಳಕ್ಕೆ ಸರದಿ, ಪಾಯಖಾನೆಗೆ ಸರದಿ, ಕನ್ನಡಿಗೂ ಸರದಿ. ಒಳಗಿನ ಖೋಲಿಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಹೊರಗಿನ ಖೋಲಿಯಿಂದ "ಯಾಕ, ಏನಾತು?" ಎಂದು ಕೇಳಿಬರುತ್ತಿತ್ತು. ಇದನ್ನು ನಮ್ಮ ಜನ ಕೂಡುಕುಟುಂಬದ ಪ್ರೀತಿ ಎಂದು ಹಾಡಿ ಹೊಗಳುತ್ತಾರೆ. ಹೊಗಳುವವರು ಹೆಚ್ಚಾಗಿ ಗಂಡಸರು, ಅಳು ಬಂದರೆ ಪಾನ್ ತಿನ್ನುವ ನೆವದಲ್ಲಿ ಬೀದಿಗಿಳಿಯಬಲ್ಲವರು.

ಊರಲ್ಲಿ ಹಾಗಿರಲಿಲ್ಲ ನೋಡಿ. ನಮ್ಮೂರಲ್ಲಿ ಬೇಕಾದಷ್ಟು ಕೊರತೆಗಳಿದ್ದವು, ಅಳುವ ಜಾಗಕ್ಕೆ ಕೊರತೆ ಇರಲಿಲ್ಲ. ಜೋಳದ ಕಣಿಕೆಯ ಬಣವೆಯ ಹಿಂದೆ ಕೂತು ಅಳಬಹುದಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳಿಗೆ ಆತುಕೊಂಡು ಅಳಬಹುದಿತ್ತು, ಎಮ್ಮೆ ಯಾಕೆಂದು ಕೇಳುತ್ತಿರಲಿಲ್ಲ. ಅಕ್ಕ ಬಣವೆಯ ಗಿರಾಕಿ. ಅಪ್ಪ ಅವಳನ್ನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ ದಿನ ಬಣವೆಯ ಹಿಂದೆ ಹೋಗಿ, ಒಂದು ತಾಸು ಬಿಟ್ಟು ತಲೆಗೂದಲಿನಲ್ಲಿ ಕಣಿಕೆಯ ಚೂರು ಸಿಕ್ಕಿಸಿಕೊಂಡು ಬಂದು ರೊಟ್ಟಿ ಬಡಿಯುವುದಕ್ಕೆ ಕೂತಳು. ನಾನು ಅವಳ ಬರೆಯುವ ಪಾಟಿಯನ್ನು ಹಿಡಿದುಕೊಂಡು ಶಾಲೆಗೆ ಹೋದೆ. ಓದಿ ನಾನು ಕಡಿದು ಕಟ್ಟೆ ಹಾಕಿದ್ದು ಏನು? ಪುಣೆಯ ಹತ್ತಿರದ ದೌಂಡ ಜಂಕ್ಷನ್ನಿನಲ್ಲಿ ಪಾರ್ಸೆಲ್ ಕ್ಲಾರ್ಕ್ ಆದೆ.

ಎಪ್ಪತ್ತರ ದಶಕದ ಮೊದಲಲ್ಲಿ ಅಕ್ಕನ ಎರಡನೆಯ ಬಾಣಂತನಕ್ಕೆ ಅವಳನ್ನು ಊರಿಗೆ ಕಳಿಸಲಿಲ್ಲ. ಚಾಳಿನಿಂದ ಹತ್ತು ನಿಮಿಷದ ದಾರಿ, ಸಾಸವಡದ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ಡಾಕ್ಟರರ ಹೆರಿಗೆ ಆಸ್ಪತ್ರೆಯಿತ್ತು, ಅಲ್ಲಿಗೆ ಸೇರಿಸಿದರು. ಮಹಡಿಯ ಮೇಲೆ ನಾಲ್ಕನೆಯ ಖೋಲಿ. ಗಂಡುಕೂಸು ಹುಟ್ಟಿತು, ಆದರೆ ಉಸಿರಿರಲಿಲ್ಲ. ಯಾರ ತಪ್ಪೂ ಅಲ್ಲ, ಡಾಕ್ಟರರು ಕೈಲಾದದ್ದೆಲ್ಲ ಮಾಡಿದರು. ಮೂರನೆಯ ದಿನ ಅಕ್ಕ ಬರಿಗೈಯಲ್ಲಿ ಚಾಳಿಗೆ ಬಂದಳು. ಅವಳ ಅತ್ತೆ ನೀಲವ್ವ ಹೊಸ್ತಿಲಲ್ಲಿಯೇ ಹೇಳಿದಳು:

"ಅಳಬ್ಯಾಡವಾ. ಮನ್ಯಾಗ ಇನ್ನೊಂದು ಕೂಸದ. ಸಂಜೀಮುಂದ ಅಳೂದು ಅದಕ್ಕ ಛಲೋ ಅಲ್ಲ."

ಬೆಳಿಗ್ಗೆ ಅಳುವುದು ಅಂಗಡಿಗೆ ಒಳ್ಳೆಯದಲ್ಲ, ರಾತ್ರಿ ಅತ್ತರೆ ಒಂಬತ್ತು ಜನರ ನಿದ್ದೆ ಕೆಡುತ್ತದೆ. ಅಕ್ಕ ಅಳಲಿಲ್ಲ. ಮಾಮಾ ನನ್ನ ಮುಂದೆ ಹೆಮ್ಮೆಯಿಂದ, "ನಿಮ್ಮಕ್ಕ ಭಾಳ ಗಟ್ಟಿ ಬಿಡೋ ಬಸೂ," ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಗಟ್ಟಿ ಎನ್ನುವ ಬಿರುದು ಕೊಟ್ಟರೆ ಮುಂದೆ ಏನೂ ಮಾಡಬೇಕಿಲ್ಲ, ಅದೊಂದು ಅನುಕೂಲ.

ಒಂದೆರಡು ವರ್ಷದಲ್ಲಿ ಡಾಕ್ಟರರು ತೀರಿಕೊಂಡರು. ಮಕ್ಕಳ ಜಗಳದಲ್ಲಿ ಆಸ್ಪತ್ರೆಗೆ ಬೀಗ ಬಿತ್ತು. ಮುಚ್ಚಿದ ಆಸ್ಪತ್ರೆಯಲ್ಲಿ ದೆವ್ವ ಸೇರಿಕೊಳ್ಳಲೇಬೇಕಲ್ಲ, ಸೇರಿಕೊಂಡಿತು. ಸುದ್ದಿ ಹಬ್ಬಿಸಿದವನು ಅಲ್ಲಿಯ ಕಾವಲುಗಾರ ಸಖಾರಾಮ. ಮಹಡಿಯ ಮೇಲೆ ಹೆಂಗಸೊಬ್ಬಳು ಅಳುತ್ತಾಳಂತೆ. ನಮ್ಮೂರ ಹುಣಸೆಮರದ ದೆವ್ವಗಳಿಗೆ ಒಂದು ಮರ್ಯಾದೆಯಿತ್ತು, ಕತ್ತಲಾದ ಮೇಲೆ ಬರುತ್ತಿದ್ದವು. ಇದು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ಮಾತ್ರ. ಇಡೀ ಪುಣೆ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ, ಬಾಗಿಲು ಬಡಿದವರನ್ನು ಬೈಯುತ್ತ ಮಲಗಿರುವಾಗ ಈ ಒಂದು ದೆವ್ವ ದುಡಿಯುತ್ತಿತ್ತು. ಅದಕ್ಕಿಂತ ಹೆಚ್ಚಿನ ತಮಾಷೆಯೆಂದರೆ ಸೋಮವಾರ ಅದಕ್ಕೆ ರಜೆ. ಸೋಮವಾರ ಮಾಮಾ ಅವರ ಅಂಗಡಿಗೂ ರಜೆ, ನನಗೂ ಸೋಮವಾರವೇ ರೆಸ್ಟು. ಪ್ಯಾಸೆಂಜರ್ ಗಾಡಿ ಹಿಡಿದು ನಾನು ಅಕ್ಕನ ಮನೆಗೆ ಬರುತ್ತಿದ್ದದ್ದೂ ಅವತ್ತೇ. "ನಮ್ಮ ಯೂನಿಯನ್ನಿಗೆ ಸೇರಿಸಿಕೊಳ್ಳೋಣ ಇದನ್ನ," ಎಂದು ಪಾರ್ಸೆಲ್ ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಆ ಒಂದು ಜೋಕಿನ ಮೇಲೆ ನನ್ನ ಹೆಸರು ವರ್ಷಗಟ್ಟಲೆ ನಡೆಯಿತು. ಮೂರು ಸೋಮವಾರಗಳನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟು ಬುದ್ಧಿ ಆ ಹೆಸರಾಂತ ಹಾಸ್ಯಗಾರನಿಗೆ ಇರಲಿಲ್ಲ.

ತುರ್ತುಪರಿಸ್ಥಿತಿ ಮುಗಿದ ವರ್ಷ ಮಾಮಾ ಅವರಿಗೆ ಹೋಟೆಲ್ ನಡೆಸುವ ಹುಚ್ಚು ಹಿಡಿಯಿತು. ಆ ಕಟ್ಟಡವನ್ನು ಯಾರೂ ಕೇಳುವವರಿಲ್ಲ, ಸೋವಿಯಲ್ಲಿ ಸಿಗುತ್ತದೆ ಎಂದು ಹಿಡಿದುಬಿಟ್ಟರು.

"ಮಾಮಾ, ಆಸ್ಪತ್ರೆಯೊಳಗ ಯಾರ್ರಿ ಬಂದು ಊಟಾ ಮಾಡ್ತಾರ?" ಎಂದೆ.

"ಮಂದಿ ಎರಡ ಕಾರಣಕ್ಕ ಮನಿ ಬಿಟ್ಟು ಹೊರಗ ಮಲಗತಾರ ನೋಡು. ಒಂದು ಜಡ್ಡು, ಇನ್ನೊಂದು ಪ್ರವಾಸ. ಮಂಚ ಎರಡಕ್ಕೂ ಒಂದ," ಎಂದರು.

ಮಾತಿನಂತೆ ನಡೆಯುವ ಮನುಷ್ಯ. ಮಂಚ ಬದಲಿಸಲಿಲ್ಲ. ಏನನ್ನೂ ಬದಲಿಸಲಿಲ್ಲ. ಭುಜದ ಎತ್ತರಕ್ಕೆ ಬಿಳಿ ಹಂಚು ಹಚ್ಚಿದ್ದ ಆಪರೇಷನ್ ಥಿಯೇಟರು ಅಡುಗೆಮನೆಯಾಯಿತು. ಆ ದೊಡ್ಡ ದುಂಡು ದೀಪದ ಕೆಳಗೆ ನಮ್ಮ ಕಡೆಯ ಹೆಂಗಸರಿಬ್ಬರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಔಷಧ ಕೊಡುತ್ತಿದ್ದ ಕಿಂಡಿ ಹಣ ಎಣಿಸುವ ಗಲ್ಲೆಯಾಯಿತು. ರೋಗಿಗಳು ಕಾಯುತ್ತಿದ್ದ ಬೆಂಚುಗಳ ಮುಂದೆ ಮೇಜು ಹಾಕಿ ಊಟದ ಹಾಲ್ ಎಂದರು. ಗೋಡೆಯ ಮೇಲೆ "ಶಾಂತತಾ ರಾಖಾ" ಎಂದು ಮರಾಠಿಯಲ್ಲಿ ಬರೆದ ಫಲಕವನ್ನು ಕೀಳುವುದಕ್ಕೆ ಗೋಡೆ ಒಡೆಯಬೇಕಾಗುತ್ತದೆಂದು ಹಾಗೇ ಬಿಟ್ಟರು. ಶಾಂತಿ ಕಾಪಾಡಿ ಎನ್ನುವ ಆ ಫಲಕದ ಕೆಳಗೆ ಜನ ಎಣ್ಣೆಗಾಯಿ ಬದನೆಕಾಯಿಯನ್ನು ಪಿಸುಮಾತಿನಲ್ಲಿ ತರಿಸಿಕೊಂಡು ತಿನ್ನುತ್ತಿದ್ದರು. ಎಷ್ಟು ತೊಳೆದರೂ ಫಿನಾಯಿಲಿನ ವಾಸನೆ ಹೋಗಲಿಲ್ಲ. ಉಪ್ಪಿಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚು ಹಾಕಿ ನೋಡಿದರು, ತುಪ್ಪ ಸೋತಿತು.

ಆದರೆ ಅದೆಲ್ಲ ಆಮೇಲಿನ ಮಾತು. ಮೊದಲು ದೆವ್ವದ ವಿಚಾರ ಮುಗಿಯಬೇಕಿತ್ತು. ಕೆಲಸ ಶುರುವಾದ ಎರಡನೆಯ ದಿನ ಬಣ್ಣ ಬಳಿಯುತ್ತಿದ್ದ ಮರಾಠಿ ಪೇಂಟರುಗಳು ಮಧ್ಯಾಹ್ನದ ಬುತ್ತಿಯನ್ನು ಅರ್ಧಕ್ಕೆ ಬಿಟ್ಟು ಓಡಿದರು. ನಾಲ್ಕನೆಯ ಖೋಲಿಯಲ್ಲಿ ಅಳುವ ದನಿ ಕೇಳಿತ್ತು. ಮಾಮಾ ಸಖಾರಾಮನನ್ನು ಕರೆದು ವಿಚಾರಿಸಿದರು.

"ಬಾಯಿ ರಡತೇ, ಶೇಟ," ಎಂದ ಅವನು. ಹೆಂಗಸು ಅಳುತ್ತಾಳೆ. "ಕಾಹಿತರೀ ಮದ್ರಾಸೀ ಬೋಲತೇ."

ಏನೋ ಮದ್ರಾಸಿ ಮಾತಾಡುತ್ತಾಳಂತೆ! ಇಲ್ಲಿ ನೋಡಿ ನಮ್ಮ ಜಾಣತನ. ಪುಣೆಯವರಿಗೆ ಸೊಲ್ಲಾಪುರ ದಾಟಿದ ಮೇಲಿನದೆಲ್ಲ ಮದ್ರಾಸಿ. ಆದರೆ ನಮಗೆ? ನಾವು ಮದ್ರಾಸಿಗಳೇ? ನಾವು ಅಂಗಡಿಯಲ್ಲಿ ಅಚ್ಚ ಮರಾಠಿ ಮಾತಾಡುವವರು, ರೊಟ್ಟಿ ತಿನ್ನುವವರು, ಮದ್ರಾಸಿಗಳೆಂದರೆ ಇಡ್ಲಿ ತಿನ್ನುವ ಬೇರೆ ಯಾರೋ. ಹಾಗಾಗಿ ನಮ್ಮ ಮನೆಯಲ್ಲಿ ಕೂತ ಎಂಟು ಜನರಲ್ಲಿ ಒಬ್ಬರಿಗೂ ಆ ದೆವ್ವ ಕನ್ನಡದಲ್ಲಿ ಅಳುತ್ತಿರಬಹುದು ಎಂದು ಹೊಳೆಯಲಿಲ್ಲ. "ಕೇರಳದ ನರ್ಸು ಇರಬೇಕು," ಎಂದು ಮಾಮಾ ತೀರ್ಪು ಕೊಟ್ಟರು. ಅಕ್ಕ ಒಳಗಿನ ಖೋಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

ನೀಲವ್ವ ಪರಿಹಾರ ಹೇಳಿದಳು. ಹೆಣ್ಣು ದೆವ್ವಕ್ಕೆ ಉಡಿ ತುಂಬಬೇಕು, ತೃಪ್ತಿಯಾಗಿ ಹೋಗುತ್ತದೆ. ನಮ್ಮ ಕಡೆ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಕೊಂಬು, ಖಣ ಹಾಕಿ ಹರಸುತ್ತಾರಲ್ಲ, ಅದೇ ಉಡಿ. ನರ್ಸಿನ ಮದುವೆಯಾಗಿತ್ತೋ ಇಲ್ಲವೋ ಎಂದು ಅರ್ಧ ದಿನ ಚರ್ಚೆ ನಡೆಯಿತು. ಕೇರಳದವಳಾದ್ದರಿಂದ ಇಳಕಲ್ ಸೀರೆ ಒಗ್ಗುವುದಿಲ್ಲವೆಂದು ಮಾಮಾ ತಮ್ಮ ಅಂಗಡಿಯಿಂದಲೇ ಜರಿಯಂಚಿನ ಬಿಳಿ ಸೀರೆ ತೆಗೆದರು. ನಾನು ಕಡಿಮೆಯೇ? ಆ ವಾರ ರಜೆ ಹಾಕಿ, ಕ್ಯಾಂಪಿನಲ್ಲೆಲ್ಲ ಅಲೆದು ಕೊಬ್ಬರಿ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸು ಹುಡುಕಿ ತಂದೆ. ತವರಿನ ರುಚಿ ಸಿಕ್ಕರೆ ದೆವ್ವ ಬೇಗ ಹೊರಡುತ್ತದೆ ಎನ್ನುವುದು ನನ್ನ ಲೆಕ್ಕ. ನೀಲವ್ವ ವಿಧವೆ, ಉಡಿ ತುಂಬುವಂತಿಲ್ಲ. ಮನೆಯ ಹಿರಿಯ ಮುತ್ತೈದೆ ಅಕ್ಕ. ಅವಳೇ ತುಂಬಬೇಕೆಂದು ನಿಶ್ಚಯವಾಯಿತು.

ಶುಕ್ರವಾರ ಮಧ್ಯಾಹ್ನ, ದೆವ್ವದ ಡ್ಯೂಟಿಯ ಹೊತ್ತಿಗೆ ಸರಿಯಾಗಿ ನಾವು ಐದು ಜನ ಮಹಡಿ ಹತ್ತಿದೆವು. ಅಕ್ಕ ಮುಂದೆ, ಕೈಯಲ್ಲಿ ಮೊರ. ಹಿಂದೆ ನೀಲವ್ವ, ಮಾಮಾ, ನಾನು, ಎಲ್ಲರ ಹಿಂದೆ ಸಖಾರಾಮ. ನಾಲ್ಕನೆಯ ಖೋಲಿಯ ಬಾಗಿಲು ನೆಲಕ್ಕೆ ಹಿಡಿದುಕೊಂಡಿತ್ತು. ಮಾಮಾ ನೂಕಿದರು, ಬರಲಿಲ್ಲ. ಅಕ್ಕ ಮೊರವನ್ನು ನನ್ನ ಕೈಗೆ ಕೊಟ್ಟು, ಬಾಗಿಲನ್ನು ತುಸು ಮೇಲೆತ್ತಿ ಒಂದೇ ಸಲಕ್ಕೆ ತೆರೆದಳು. ಅದನ್ನೂ ನೋಡಿದೆ, ಅದರಿಂದಲೂ ನನಗೆ ಏನೂ ತಿಳಿಯಲಿಲ್ಲ.

ಕಿಟಕಿಯ ಕೆಳಗೆ ಸೀರೆ ಹಾಸಿ, ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು ಇಟ್ಟಳು. ಕೊನೆಗೆ ಅರಿಶಿನದ ಕೊಂಬು. ಅಲ್ಲೇ ಕುಕ್ಕರಿಸಿದವಳು ಅಳುವುದಕ್ಕೆ ಶುರುಮಾಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುವ ಅಳುವಲ್ಲ ಅದು. ತಲೆ ಹಿಂದಕ್ಕೆ ಹಾಕಿ, ಬಾಯ್ತುಂಬ ಅಳುತ್ತಿದ್ದಳು. ಸಖಾರಾಮ, "ಹಾಚ ಆವಾಜ," ಇದೇ ದನಿ ಎಂದು ಕೂಗಿ ಮೆಟ್ಟಿಲಿಳಿದು ಓಡಿದ. ನೀಲವ್ವ ಕೈಮುಗಿದಳು.

"ಮೈಮ್ಯಾಲ ಬಂತು. ಶಿವಲಿಂಗಾ, ಕೈಮುಗಿಯೋ! ಯಾರವ್ವಾ ನೀ? ಏನ್ ಬೇಕ ತಾಯಿ ನಿನಗ?"

ಅಳುವಿನ ನಡುವೆ ಅಕ್ಕ ಹೇಳಿದಳು. ಅಚ್ಚ ಇಂಡಿಯ ಕನ್ನಡದಲ್ಲಿ ಹೇಳಿದಳು.

"ಈ ಖೋಲಿ ನನಗ ಬಿಡ್ರಿ. ಇಲ್ಲೆ ಯಾರೂ ಬರಬ್ಯಾಡ್ರಿ. ಬಾಗಲಾ ಹಾಕ್ಕೊಂಡು ಕೂಡಲಿಕ್ಕೆ ನನಗೊಂದು ಖೋಲಿ ಬೇಕು."

ಉಣ್ಣೆಯ ಕೋಟಿನ ಮನುಷ್ಯ, ಕ್ಯಾಂಪಿನ ಶಿವಲಿಂಗ ಶೇಟ, ತನ್ನ ಹೆಂಡತಿಯ ಮುಂದೆ ನೆಲಕ್ಕೆ ಹಣೆ ಹಚ್ಚಿದರು. "ಆತ್ರಿ ತಾಯಿ. ಬಿಡ್ತೀವ್ರಿ. ಕೀಲಿ ನಿಮ್ಮ ಕೈಯಾಗ ಕೊಡ್ತೀವ್ರಿ," ಎಂದರು. ಹತ್ತು ಹನ್ನೊಂದು ವರ್ಷದ ಸಂಸಾರದಲ್ಲಿ ಅವಳಿಗೆ "ರೀ" ಹಚ್ಚಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಳಗಿಳಿದ ಮೇಲೆ ನಾನು, ಕೇರಳದ ನರ್ಸಿಗೆ ಕನ್ನಡ ಹೇಗೆ ಬಂತು ಎಂದು ಕೇಳಿದೆ. ನೀಲವ್ವ ನನ್ನನ್ನು ಕನಿಕರದಿಂದ ನೋಡಿ, "ಯಾರ ಮೈಯಾಗ ಬರತಾವೋ ಅವರ ಮಾತೇ ಆಡತಾವು. ಅಷ್ಟೂ ತಿಳಿಯಂಗಿಲ್ಲೇನು, ಸಾಲಿ ಕಲತವನಿಗೆ?" ಎಂದಳು. ನಾನು ಒಪ್ಪಿಕೊಂಡೆ. ಚಿಪ್ಸನ್ನು ನಾನೇ ತಿಂದೆ.

ಹಾಗೆ ಹೋಟೆಲಿನಲ್ಲಿ ನಾಲ್ಕನೆಯ ಖೋಲಿಗೆ ಕೀಲಿ ಬಿತ್ತು. ದೆವ್ವ ಅಕ್ಕನ ಮೈಮೇಲೆ ಬಂದಿದ್ದರಿಂದ ಕೀಲಿ ಅಕ್ಕನ ಸೆರಗಿನ ತುದಿಗೆ. ದಿನಾ ಮಧ್ಯಾಹ್ನ ದೀಪ ಹಚ್ಚುವುದಕ್ಕೆಂದು ಅವಳು ಅಲ್ಲಿಗೆ ಹೋಗಬೇಕೆಂದು ನೀಲವ್ವನೇ ಕಟ್ಟಳೆ ಮಾಡಿದಳು. ಗಿರಾಕಿಗಳಿಗೆ, "ಆಕಡೆ ಹೋಗಬ್ಯಾಡ್ರಿ, ನಮ್ಮ ತಾಯಿ ಅದಾಳ," ಎಂದು ಮಾಮಾ ಭಕ್ತಿಯಿಂದ ಹೇಳುತ್ತಿದ್ದರು.

ಒಂದು ವರ್ಷದ ನಂತರ, ಯಾವುದೋ ಕೆಲಸಕ್ಕೆ ಬುಧವಾರ ಪುಣೆಗೆ ಬಂದವನು ಮಧ್ಯಾಹ್ನ ಹೋಟೆಲಿಗೆ ಹೋದೆ. ದೆವ್ವದ ದನಿ ಕೇಳಿ ದೌಂಡದಲ್ಲಿ ಹೊಸ ಜೋಕು ಹೇಳೋಣವೆಂದು ಸದ್ದು ಮಾಡದೆ ಮಹಡಿ ಹತ್ತಿದೆ. ದನಿ ಕೇಳಿತು. ದೊಡ್ಡ ಅಳುವೇನೂ ಇರಲಿಲ್ಲ. ಅಕ್ಕ ಯಾರೊಂದಿಗೋ ಸಣ್ಣಗೆ ಮಾತಾಡುತ್ತಿದ್ದಳು: "ಈ ವರ್ಷ ನೀ ಸಾಲಿಗೆ ಹೋಗತಿದ್ದಿ. ಪಾಟಿ ಕೊಡಸತಿದ್ದೆ." ಆಮೇಲೆ ಅಳು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೋಮವಾರದ ರಜೆ, ಮಧ್ಯಾಹ್ನದ ಹೊತ್ತು, ಮದ್ರಾಸಿ ಮಾತು, ಬಾಗಿಲು ಎತ್ತಿ ತೆರೆದ ಕೈ, ಎಲ್ಲ ಒಂದೇ ಸಲ ತಲೆಗೆ ಬಂದವು. ನಾಚಿಕೆ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಆಸ್ಪತ್ರೆ ಮುಚ್ಚಿದ್ದ ವರ್ಷಗಳಲ್ಲೆಲ್ಲ ನನ್ನಕ್ಕ, ಗಂಡನೂ ನಾನೂ ಮನೆಯಲ್ಲಿರುವ ಸೋಮವಾರ ಬಿಟ್ಟು, ಹಿತ್ತಿಲ ಗೋಡೆ ದಾಟಿ ಬಂದು, ಕೂಸು ಹೋದ ಖೋಲಿಯಲ್ಲಿ ಕೂತು ಅತ್ತು ಹೋಗುತ್ತಿದ್ದಳು. ನಾನು ಅವಳ ಅಳುವನ್ನು ಪಾರ್ಸೆಲ್ ಆಫೀಸಿಗೆ ಒಯ್ದು ಚಹಾದ ಜೊತೆ ಹಂಚುತ್ತಿದ್ದೆ.

ಅಕ್ಕ ಹೊರಗೆ ಬಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬಾಗಿಲು ಎತ್ತಿ ಮುಚ್ಚಿ, ಕೀಲಿ ಹಾಕಿ, ನನಗಿಂತ ಒಂದು ಮೆಟ್ಟಿಲು ಮೇಲೆ ಕೂತಳು.

"ಅವತ್ತು ಬೇಕಂತ ಮಾಡಿದ್ಯೇನಕ್ಕಾ?" ಎಂದೆ.

"ಇಲ್ಲೋ ತಮ್ಮಾ. ಅಳು ಬಂತು, ಅತ್ತೆ. ನಿನಗೇನ್ ಬೇಕವ್ವಾ ಅಂತ ಅತ್ತಿ ಕೇಳಿದ್ರು. ಅಲ್ಲೀತನಕ ನನ್ನ ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ದೆವ್ವಾ ಕೇಳಿದ್ರ ಕೊಡತಾರ. ನಾ ಕೇಳಿದ್ರ ಕೊಡತಿದ್ರೇನು?"

ಯಾರಿಗೂ ಹೇಳುವುದಿಲ್ಲ ಎಂದೆ. ಅವಳು, "ಹೇಳಿದ್ರ ನನ್ನ ಖೋಲಿ ಹೋಗತದ ನೋಡು," ಎಂದಳು. ಹೇಳಲಿಲ್ಲ. ದೌಂಡದಲ್ಲಿ ಜೋಕನ್ನೂ ನಿಲ್ಲಿಸಿದೆ. ನನ್ನ ಹಾಸ್ಯ ಕೆಟ್ಟಿತೆಂದು ಸಹೋದ್ಯೋಗಿಗಳು ಮರುಗಿದರು.

ಎಂಬತ್ತರ ದಶಕದ ನಡುವಿನಲ್ಲಿ ನೀಲವ್ವ ತೀರಿಕೊಂಡಳು. ಇಂಡಿಯಿಂದ, ಸೊಲ್ಲಾಪುರದಿಂದ ನೆಂಟರು ಬಂದು ಹೋಟೆಲಿನ ಮಂಚಗಳೆಲ್ಲ ತುಂಬಿದವು. ನಾಲ್ಕನೆಯದು ಬಿಟ್ಟು ಒಂದು ಖೋಲಿಯೂ ಖಾಲಿಯಿರಲಿಲ್ಲ. ಮಾಮಾ ಎಲ್ಲರಿಗೂ ಚಹಾ, ಹಾಸಿಗೆ, ಬಿಸಿನೀರು ವಿಚಾರಿಸುತ್ತ ಓಡಾಡುತ್ತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. "ಗಂಡಸು ಅಂದ್ರ ಹಿಂಗ ಗಟ್ಟಿ ಇರಬೇಕು," ಎಂದು ನೆಂಟರು ಬಿರುದು ಕೊಟ್ಟರು. ತಾಯಿಯೆಂದರೆ ಅವರಿಗೆ ಎಷ್ಟು ಜೀವವೆಂದು ನನಗೂ ಅಕ್ಕನಿಗೂ ಗೊತ್ತಿತ್ತು.

ಮೂರನೆಯ ದಿನ ಊಟದ ಗದ್ದಲ ಮುಗಿದ ಮೇಲೆ ಮಾಮಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಕ್ಕನ ಮುಖ ನೋಡದೆ, "ಆ ಖೋಲೀದು ಕೀಲಿ ಸ್ವಲ್ಪ ಕೊಡ್ತೀರೇನ್ರಿ?" ಎಂದರು.

ಅಕ್ಕ ಅವರನ್ನು ಒಂದು ಗಳಿಗೆ ನೋಡಿದಳು. ಅವರಿಗೆ ಯಾವಾಗ ಗೊತ್ತಾಯಿತು, ಎಷ್ಟು ವರ್ಷದಿಂದ ಗೊತ್ತಿತ್ತು, ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. "ಬಾಗಲಾ ಸ್ವಲ್ಪ ಎತ್ತಿ ನೂಕ್ರಿ," ಎಂದಳು.

ಹಿಂದೆಯೇ ತಾನೂ ಮೇಲೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಮೆಂತ್ಯದ ಸೊಪ್ಪು ಸೋಸುವುದಕ್ಕೆ ಕೂತಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಒಳಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ "ಎವ್ವಾ" ಎಂದು ಒಂದು ದನಿ ಬಂತು, ಆಮೇಲೆ ತಡೆಯಿಲ್ಲದ ಅಳು. ಎದುರಿನ ಖೋಲಿಯಿಂದ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಬಂದ ಸೊಲ್ಲಾಪುರದ ನೆಂಟರೊಬ್ಬರು ಅಲ್ಲೇ ಗಕ್ಕನೆ ನಿಂತರು.

"ಏನ್ರಿ ಅಕ್ಕಾರ, ನಿಮ್ಮ ದೆವ್ವಾ ಹೆಣ್ಣು ಅಂತಿದ್ರಲ್ಲ? ಇದು ಗಂಡಸಿನ ದನಿ ಅದ!"

ಅಕ್ಕ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಹೌದ್ರಿ. ಇವತ್ತ ಅದರ ಗಂಡ ಬಂದಾನ. ನೀವು ಆ ಕಡೆ ಮೆಟ್ಟಲಾ ಇಳಕೊಂಡು ಹೋಗ್ರಿ."